ಲಾ ಜರ್ನಲ್ ಅಲರ್ಟ್ ಸೇವೆಗಳು: ಯಾವುದಕ್ಕೆ ಏನು ಸಿಗುತ್ತದೆ, ಯಾವುದು ಕಣ್ಣು ತಪ್ಪುತ್ತದೆ

ಹೊಸ ಲೇಖನ ಬಂದಾಗ ತಿಳಿಸುವ ಅಲರ್ಟ್ ಸೇವೆಗಳನ್ನು ಪರೀಕ್ಷಿಸಿ ನೋಡಲು ಮೂರು ಕಾನೂನು ಜರ್ನಲ್ ಸಾಕು. ಒಂದು, ಹಾರ್ವರ್ಡ್ ಲಾ ರಿವ್ಯೂ. ನವೆಂಬರ್‌ನಿಂದ ಜೂನ್‌ವರೆಗೆ ತಿಂಗಳಿಗೊಂದರಂತೆ 8 ಸಂಚಿಕೆ, ಸಂಪಾದಕರು ವಿದ್ಯಾರ್ಥಿಗಳು, ಲೇಖನಗಳು ಅದರದೇ ವೆಬ್‌ಸೈಟಿನಲ್ಲಿ ಉಚಿತ. ಎರಡು, ಮಾಡರ್ನ್ ಲಾ ರಿವ್ಯೂ. ವರ್ಷಕ್ಕೆ 6 ಸಂಚಿಕೆ, ವೈಲಿ ಪ್ರಕಾಶನ, ಲೇಖನ ಲೇಖನಕ್ಕೂ ಡಿಒಐ, ಅಂದರೆ ಬದಲಾಗದ ಡಿಜಿಟಲ್ ಗುರುತುಸಂಖ್ಯೆ. ಮೂರು, ಲಾ ಕ್ವಾರ್ಟರ್ಲಿ ರಿವ್ಯೂ. 1885ರಲ್ಲಿ ಶುರುವಾದದ್ದು, ಹೆಸರೇ ಹೇಳುವಂತೆ ವರ್ಷಕ್ಕೆ 4 ಸಂಚಿಕೆ, ಪ್ರಕಾಶಕರು ಸ್ವೀಟ್ ಅಂಡ್ ಮ್ಯಾಕ್ಸ್‌ವೆಲ್, ಆನ್‌ಲೈನಿನಲ್ಲಿ ಪೂರ್ಣಪಠ್ಯ ಓದಬೇಕೆಂದರೆ ವೆಸ್ಟ್‌ಲಾ ಎಂಬ ಕಾನೂನು ಡೇಟಾಬೇಸಿನ ಚಂದಾ. ಈ ಮೂರರ ಹೊಸ ಲೇಖನಗಳನ್ನೂ ಬಂದ ವಾರದಲ್ಲೇ ಒಟ್ಟಿಗೆ ತಿಳಿಸುವ ಒಂದೇ ಸೇವೆ ಎಂಬುದು ಇಲ್ಲ.

ಕಾರಣ ತಾಂತ್ರಿಕ. ಹೊಸ ಲೇಖನಗಳ ಸುದ್ದಿ ಕೊಡುವ ಸೇವೆಗಳಲ್ಲಿ ಹೆಚ್ಚಿನವು ಡಿಒಐ ಮೇಲೆ, ಇಲ್ಲವೇ ದೊಡ್ಡ ಪ್ರಕಾಶಕರು ಹೊರಬಿಡುವ ಮಾಹಿತಿಯ ಮೇಲೆ ನಿಂತಿವೆ. ವೈದ್ಯಕೀಯ, ಭೌತವಿಜ್ಞಾನದವರಿಗೆ ಅಷ್ಟು ಸಾಕು. ಕಾನೂನಿನಲ್ಲಿ ಹಾಗಲ್ಲ. ಲಾ ಸ್ಕೂಲುಗಳೇ ನಡೆಸುವ, ವಿದ್ಯಾರ್ಥಿಗಳು ಸಂಪಾದಿಸುವ ಅಮೆರಿಕದ ಲಾ ರಿವ್ಯೂಗಳಲ್ಲಿ ಡಿಒಐ ಕೊಡುವ ರೂಢಿ ಇನ್ನೂ ಬೇರೂರಿಲ್ಲ. ಇತ್ತ ವಕೀಲರಿಗೆಂದೇ ಕಟ್ಟಿದ ಚಂದಾ ಡೇಟಾಬೇಸುಗಳ ಒಳಗಿರುವ ಜರ್ನಲ್‌ಗಳು ಹೊರಗಿನ ಹುಡುಕುಯಂತ್ರಗಳಿಗೆ ಕಾಣುವುದೇ ಇಲ್ಲ. ಹಾಗಾಗಿ ಕೆಳಗಿನ ಪ್ರತಿ ಸೇವೆಯನ್ನೂ ಒಂದೇ ಪ್ರಶ್ನೆಯಿಂದ ಅಳೆಯಬೇಕಾಗುತ್ತದೆ: ಈ ಮೂರರಲ್ಲಿ ಯಾವುದು ಸಿಗುತ್ತದೆ, ಯಾವುದು ತಪ್ಪುತ್ತದೆ?

ಮೊದಲಿಗೆ, ಇದ್ದುದರಲ್ಲಿ ಉತ್ತಮವಾದದ್ದು: ಜರ್ನಲ್‌ಗಳ ಆರ್‌ಎಸ್‌ಎಸ್ ಫೀಡುಗಳನ್ನು, ಅಂದರೆ ಸೈಟಿನ ಹೊಸ ಬರಹಗಳು ತಾವಾಗಿ ಸೇರುತ್ತಾ ಹೋಗುವ ಪಟ್ಟಿಗಳನ್ನು, ಒಂದು ಫೀಡ್ ರೀಡರಿನಲ್ಲಿ ಕೂಡಿಹಾಕುವುದು. ಹಳೆಯ ತಂತ್ರ, ಆದರೂ ಇದರಷ್ಟು ಬೇಗ, ಇದರಷ್ಟು ಕಡಿಮೆ ಗದ್ದಲದಲ್ಲಿ ಸುದ್ದಿ ಕೊಡುವುದು ಬೇರೊಂದಿಲ್ಲ. ಫೀಡ್ಲಿ, ಇನೋರೀಡರ್ ಎರಡರಲ್ಲೂ ಉಚಿತ ಖಾತೆ ಇದೆ. ಇಪ್ಪತ್ತು ಮೂವತ್ತು ಜರ್ನಲ್‌ಗೆ ಅದು ಧಾರಾಳ. ಫೀಡಿನ ವಿಳಾಸ ಹುಡುಕುವುದೇ ಹಲವರಿಗೆ ಕಗ್ಗಂಟು, ಏಕೆಂದರೆ ಕಿತ್ತಳೆ ಬಣ್ಣದ ಆ ಗುರುತನ್ನು ಅನೇಕ ಸೈಟುಗಳು ಪುಟದಿಂದಲೇ ತೆಗೆದುಹಾಕಿವೆ. ಗುರುತು ಹೋಗಿದ್ದರೂ ಫೀಡ್ ಸಾಮಾನ್ಯವಾಗಿ ಉಳಿದಿರುತ್ತದೆ. ಲಾ ರಿವ್ಯೂ ಸೈಟು ವರ್ಡ್‌ಪ್ರೆಸ್ ಮೇಲಿದ್ದರೆ ಮುಖಪುಟದ ವಿಳಾಸದ ಕೊನೆಗೆ ಓರೆಗೆರೆ ಹಾಕಿ ಇಂಗ್ಲಿಷಿನಲ್ಲಿ ‘ಫೀಡ್’ ಎಂದು ಸೇರಿಸಿ ನೋಡಿ, ಬಹುತೇಕ ಅಲ್ಲೇ ಸಿಗುತ್ತದೆ. ಲಾ ಸ್ಕೂಲಿನ ಡಿಜಿಟಲ್ ಕಾಮನ್ಸ್ ಭಂಡಾರದಲ್ಲಿದ್ದರೆ ಜರ್ನಲ್ಲಿನ ವಿಳಾಸಕ್ಕೆ ‘ರೀಸೆಂಟ್ ಡಾಟ್ ಆರ್‌ಎಸ್‌ಎಸ್’ ಸೇರಿಸಬೇಕು. ಓಪನ್ ಜರ್ನಲ್ ಸಿಸ್ಟಮ್ಸ್, ಅಂದರೆ ಒಜೆಎಸ್ ಎಂಬ ತಂತ್ರಾಂಶದಲ್ಲಿ ನಡೆಯುವ ಜರ್ನಲ್ಲಾದರೆ ವೆಬ್ ಫೀಡ್ ಎಂಬ ಪ್ಲಗಿನ್ ಇರುತ್ತದೆ. ಅದನ್ನು ಚಾಲೂ ಮಾಡಬೇಕಾದವರು ಜರ್ನಲ್ಲಿನ ವ್ಯವಸ್ಥಾಪಕರು. ಮಾಡಿರದಿದ್ದರೆ ಸಂಪಾದಕರಿಗೆ ಎರಡು ಸಾಲಿನ ಇಮೇಲ್ ಬರೆಯಿರಿ. ಅವರಿಗೆ ಅದು ಒಂದು ಕ್ಲಿಕ್ಕಿನ ಕೆಲಸ.

ದೊಡ್ಡ ಪ್ರಕಾಶಕರಲ್ಲಿ ಒಂದೇ ಜರ್ನಲ್ಲಿಗೆ ಎರಡು ಬಗೆಯ ಫೀಡ್ ಇರುವುದುಂಟು: ಇತ್ತೀಚಿನ ಸಂಚಿಕೆಯದು ಒಂದು, ಸಂಚಿಕೆ ಸೇರುವ ಮೊದಲೇ ಹೊರಬಿದ್ದ ಲೇಖನಗಳದು ಇನ್ನೊಂದು. ಎರಡನೆಯದನ್ನು ಆಕ್ಸ್‌ಫರ್ಡ್‌ನವರು ಅಡ್ವಾನ್ಸ್ ಆರ್ಟಿಕಲ್ಸ್ ಎನ್ನುತ್ತಾರೆ, ಕೇಂಬ್ರಿಜ್‌ನವರು ಫಸ್ಟ್‌ವ್ಯೂ, ವೈಲಿಯವರು ಅರ್ಲಿ ವ್ಯೂ. ಬೇಕಾದದ್ದು ಈ ಮುಂಗಡ ಲೇಖನಗಳೇ. ಸಂಚಿಕೆಯ ಫೀಡನ್ನು ಮಾತ್ರ ಹಾಕಿಕೊಂಡವರಿಗೆ ಲೇಖನ ಕಾಣುವುದು ಅದು ಸಂಚಿಕೆಯಲ್ಲಿ ಕೂತ ಮೇಲೆ, ಅಂದರೆ ತಿಂಗಳುಗಟ್ಟಲೆ ತಡವಾಗಿ. ಎರಡನ್ನೂ ಹಾಕಿಕೊಂಡರೆ ಒಂದೇ ಲೇಖನ ಎರಡು ಸಲ ಬರುತ್ತದೆ. ಡಿಒಐ ಒಂದೇ ಆಗಿದ್ದರೂ ಫೀಡಿನೊಳಗಿನ ಗುರುತು ಬೇರೆಯಾಗಿದ್ದರೆ ರೀಡರು ಅದನ್ನು ಹೊಸತೆಂದೇ ಬಗೆಯುತ್ತದೆ. ಈ ಪುನರಾವರ್ತನೆಯನ್ನು ಸಹಿಸಿಕೊಳ್ಳುವುದೇ ಲೇಸು. ಏಕೆಂದರೆ ಪುಸ್ತಕ ವಿಮರ್ಶೆ, ತೀರ್ಪಿನ ಟಿಪ್ಪಣಿಗಳಂಥ ಕಿರುಬರಹಗಳು ಕೆಲವು ಜರ್ನಲ್‌ಗಳಲ್ಲಿ ನೇರವಾಗಿ ಸಂಚಿಕೆಯಲ್ಲೇ ಮೊದಲು ಕಾಣಿಸಿಕೊಳ್ಳುತ್ತವೆ.

ಫೀಡುಗಳ ನಿಜವಾದ ಕಾಯಿಲೆ ಬೇರೆ: ಅವು ಸದ್ದಿಲ್ಲದೆ ಸಾಯುತ್ತವೆ. ಜರ್ನಲ್ ಹೊಸ ಪ್ರಕಾಶಕರ ಕೈಗೆ ಹೋದಾಗ, ಪ್ರಕಾಶಕರು ಸೈಟಿನ ತಂತ್ರಾಂಶ ಬದಲಿಸಿದಾಗ ಹಳೆಯ ಫೀಡ್ ವಿಳಾಸ ಕೆಲಸ ಬಿಡುತ್ತದೆ. 404 ಎಂದು ದೋಷ ತೋರಿಸಿದರೆ ಪುಣ್ಯ, ರೀಡರಿನಲ್ಲಿ ಎಚ್ಚರಿಕೆಯ ಗುರುತಾದರೂ ಬೀಳುತ್ತದೆ. ಫೀಡ್ ಫೈಲು ಇದ್ದಲ್ಲೇ ಇದ್ದು, ಒಳಗಿನ ಪಟ್ಟಿ ಮಾತ್ರ ಹಳೆಯ ಸಂಚಿಕೆಯಲ್ಲೇ ಹೆಪ್ಪುಗಟ್ಟಿದರೆ ರೀಡರಿಗೆ ಅದು ಆರೋಗ್ಯವಂತ ಫೀಡೇ. ಓದುಗರಿಗೋ, ಜರ್ನಲ್ ಸುಮ್ಮನಿದೆ ಅನಿಸುತ್ತದೆ. ಮದ್ದು ಒಂದೇ: ಪ್ರತಿ ಫೀಡಿನ ಹೆಸರಿನ ಪಕ್ಕ ವರ್ಷಕ್ಕೆ ಎಷ್ಟು ಸಂಚಿಕೆ ಎಂದು ಬರೆದಿಟ್ಟುಕೊಳ್ಳುವುದು. ನಾಲ್ಕು ಸಂಚಿಕೆಯ ಜರ್ನಲ್ ಸುಮಾರು 13 ವಾರಕ್ಕೊಮ್ಮೆ ಬರಬೇಕು. 20 ವಾರ ಸದ್ದಿಲ್ಲದಿದ್ದರೆ ಸೈಟಿಗೇ ಹೋಗಿ ನೋಡಿ. ಆರು ಸಂಚಿಕೆಯದಕ್ಕೆ 13 ವಾರವೇ ಗಡುವು. ಆದರೆ ಈ ಲೆಕ್ಕ ಹಾರ್ವರ್ಡ್‌ನಂಥವಕ್ಕೆ ಹೊಂದುವುದಿಲ್ಲ. ಜೂನ್ ಸಂಚಿಕೆಯಾದ ಮೇಲೆ ಮುಂದಿನದು ನವೆಂಬರ್‌ನಲ್ಲೇ, ನಡುವಿನ ಮೌನ ಸಹಜ. ಶೈಕ್ಷಣಿಕ ವರ್ಷಕ್ಕೆ ಕಟ್ಟಿಕೊಂಡ ಜರ್ನಲ್‌ಗಳನ್ನು ಬೇರೆ ಫೋಲ್ಡರಿನಲ್ಲಿಡಿ.

ಇನ್ನೊಂದು ತೊಡಕು, ಬ್ರೌಸರಿನಲ್ಲಿ ತೆರೆದರೆ ಚೆನ್ನಾಗಿ ತೆರೆಯುವ ಫೀಡು ರೀಡರಿನಲ್ಲಿ 403, ಅಂದರೆ ಪ್ರವೇಶವಿಲ್ಲ ಎಂಬ ದೋಷ ಕೊಡುವುದು. ಪ್ರಕಾಶಕರ ಸೈಟಿನ ಮುಂದೆ ನಿಂತಿರುವ ಬಾಟ್ ತಡೆ ಇದಕ್ಕೆ ಕಾರಣ. ವೆಬ್ ರೀಡರುಗಳ ವಿನಂತಿ ಡೇಟಾ ಸೆಂಟರಿನಿಂದ ಹೋಗುವುದರಿಂದ ಅದು ಅನುಮಾನಕ್ಕೆ ಈಡಾಗುತ್ತದೆ. ಅಂಥ ಒಂದೆರಡು ಜರ್ನಲ್‌ಗಳನ್ನು ಮಾತ್ರ ನಿಮ್ಮದೇ ಕಂಪ್ಯೂಟರಿನಿಂದ ಕೇಳುವ ರೀಡರಿಗೆ, ಗ್ರಂಥಸೂಚಿ ತಂತ್ರಾಂಶವಾದ ಜೊಟೆರೊ ಅಥವಾ ಇಮೇಲ್ ತಂತ್ರಾಂಶವಾದ ಥಂಡರ್‌ಬರ್ಡ್‌ಗೆ ವರ್ಗಾಯಿಸಿ ನೋಡಿ. ಜೊಟೆರೊದ ಲಾಭ ಏನೆಂದರೆ ಫೀಡಿನಿಂದ ನೇರವಾಗಿ ಗ್ರಂಥಸೂಚಿಗೆ ಲೇಖನ ಎಳೆದುಕೊಳ್ಳಬಹುದು. ತೊಂದರೆಯೂ ಅಲ್ಲೇ ಇದೆ: ಕಂಪ್ಯೂಟರು ಆರು ವಾರ ಆಫ್ ಆಗಿದ್ದರೆ, ಆ ನಡುವೆ ಬಂದು ಪಟ್ಟಿಯಿಂದ ಇಳಿದುಹೋದ ಲೇಖನಗಳು ಕೈಗೆ ಸಿಗುವುದೇ ಇಲ್ಲ. ಓದದ ನಮೂದುಗಳನ್ನು ಎಷ್ಟು ದಿನಕ್ಕೆ ಅಳಿಸಬೇಕು ಎಂಬ ಆಯ್ಕೆ ಫೀಡಿನ ಸೆಟ್ಟಿಂಗ್ಸ್‌ನಲ್ಲಿದೆ. ಚಂದಾ ಹಾಕಿದ ದಿನವೇ ಅದನ್ನು ದೀರ್ಘವಾಗಿಸಿ.

ನಮ್ಮ ಮೂರರಲ್ಲಿ ಫೀಡಿಗೆ ಸಿಗುವುದು ಎರಡು. ಲಾ ಕ್ವಾರ್ಟರ್ಲಿ ಸಿಗುವುದಿಲ್ಲ.

ಪ್ರಕಾಶಕರ ಇಮೇಲ್ ಅಲರ್ಟ್ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಮಾಹಿತಿ ಫೀಡಿನದೇ, ದಾರಿ ಮಾತ್ರ ಉದ್ದ. ಪ್ರಕಾಶಕರಿಗೊಂದು ಖಾತೆ, ಖಾತೆಗೊಂದು ಪಾಸ್‌ವರ್ಡ್, ಜೊತೆಗೆ ಪ್ರಚಾರದ ಇಮೇಲುಗಳು. ಹಾಕಿಕೊಳ್ಳುವುದೇ ಆದರೆ ‘ಹೊಸ ಸಂಚಿಕೆ’ ಎಂಬುದರ ಜೊತೆಗೆ ಮುಂಗಡ ಲೇಖನಗಳ ಆಯ್ಕೆಗೂ ಗುರುತು ಹಾಕಿದ್ದೀರಾ ಎಂದು ನೋಡಿಕೊಳ್ಳಿ. ಹೆರಿಯಟ್-ವ್ಯಾಟ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಜರ್ನಲ್‌ಟಾಕ್ಸ್ ಇದಕ್ಕಿಂತ ವಾಸಿ. ಸಾವಿರಾರು ಜರ್ನಲ್‌ಗಳ ವಿಷಯಸೂಚಿಯನ್ನು ಒಂದೇ ಕಡೆ ತೋರಿಸುತ್ತದೆ, ಕಾನೂನು ವಿಭಾಗವೂ ಇದೆ. ಅದರ ಮೂಲವೂ ಪ್ರಕಾಶಕರ ಫೀಡೇ ಆದ್ದರಿಂದ ಅಲ್ಲಿ ಸತ್ತ ಫೀಡು ಇಲ್ಲೂ ಸತ್ತೇ ಇರುತ್ತದೆ. ಯಾವ ಜರ್ನಲ್ ಹಿಂಬಾಲಿಸಬೇಕೆಂದು ಇನ್ನೂ ನಿರ್ಧರಿಸದವರು ಕಣ್ಣಾಡಿಸಲು ಒಳ್ಳೆಯ ಜಾಗ, ಅಷ್ಟೇ.

ಗೂಗಲ್ ಸ್ಕಾಲರ್ ಅಲರ್ಟ್ ಎಲ್ಲರೂ ಮೊದಲು ಹಾಕುವುದು, ಎಲ್ಲರೂ ಮೊದಲು ಬೈಯುವುದು. ಹುಡುಕಿದ ಪುಟದ ಬದಿಯ ಲಕೋಟೆ ಗುರುತು ಒತ್ತಿ, ಪದ ಹಾಕಿ, ಒಂದು ಇಮೇಲಿಗೆ 10 ಫಲಿತಾಂಶವೋ 20ವೋ ಆರಿಸಿದರೆ ಮುಗಿಯಿತು. ತೊಂದರೆ ಶುರುವಾಗುವುದು ಕಾನೂನು ಬರಹದ ಸ್ವಭಾವದಿಂದ. ಸ್ಕಾಲರ್ ಪೂರ್ಣಪಠ್ಯ ಹುಡುಕುತ್ತದೆ, ಲಾ ರಿವ್ಯೂ ಲೇಖನಕ್ಕೆ ನೂರಾರು ಅಡಿಟಿಪ್ಪಣಿ. ಹೊಣೆಗಾರಿಕೆ ಕಾನೂನಿಗೆ ಸಂಬಂಧವೇ ಇಲ್ಲದ ತೆರಿಗೆ ಲೇಖನದ 214ನೇ ಟಿಪ್ಪಣಿಯಲ್ಲಿ ‘ನೆಗ್ಲಿಜೆನ್ಸ್’ ಎಂದಿದ್ದರೂ ಅಲರ್ಟ್ ಬರುತ್ತದೆ. ಇದರ ಮೇಲೆ, ಹೊಸದಾಗಿ ಬಂದದ್ದಕ್ಕೂ ಸ್ಕಾಲರ್ ಹೊಸದಾಗಿ ಕಂಡದ್ದಕ್ಕೂ ಅದು ಭೇದ ಮಾಡುವುದಿಲ್ಲ. ಯಾವುದೋ ಗ್ರಂಥಾಲಯ ಹಳೆಯ ಸಂಪುಟಗಳನ್ನು ಸ್ಕ್ಯಾನ್ ಮಾಡಿ ಏರಿಸಿದ ವಾರ ನಿಮಗೆ ದಶಕಗಳ ಹಿಂದಿನ ಲೇಖನ ‘ಹೊಸತು’. ಕಾಳಿಗಿಂತ ಜೊಳ್ಳೇ ಜಾಸ್ತಿ.

ಜೊಳ್ಳು ತೂರಲು ಎರಡು ದಾರಿ. ಪದವನ್ನು ಶೀರ್ಷಿಕೆಗೆ ಮಾತ್ರ ಕಟ್ಟಿಹಾಕುವ ‘ಇನ್‌ಟೈಟಲ್’ ಬಳಸುವುದು ಒಂದು. ಗದ್ದಲ ತಟ್ಟನೆ ಇಳಿಯುತ್ತದೆ, ಆದರೆ ತೀರ್ಪಿನ ಟಿಪ್ಪಣಿಗಳು ಕೈತಪ್ಪುತ್ತವೆ. ಅವುಗಳ ಶೀರ್ಷಿಕೆಯಲ್ಲಿ ವಿಷಯದ ಹೆಸರೇ ಇರದೆ, ಬರೀ ಕಕ್ಷಿಗಾರರ ಹೆಸರಿರಬಹುದು. ನೆಗ್ಲಿಜೆನ್ಸ್ ಕಾನೂನಿಗೆ ಬುನಾದಿ ಹಾಕಿದ 1932ರ ಡಾನಹ್ಯೂ ವಿರುದ್ಧ ಸ್ಟೀವನ್ಸನ್ ತೀರ್ಪಿನ ಬಗ್ಗೆ ಬರೆದವರು ಶೀರ್ಷಿಕೆಯಲ್ಲಿ ನೆಗ್ಲಿಜೆನ್ಸ್ ಎಂದು ಬರೆಯಲೇಬೇಕೆಂದೇನೂ ಇಲ್ಲ, ಕಾನೂನು ಓದಿದವರಿಗೆಲ್ಲ ಅದು ಗೊತ್ತು. ಗೊತ್ತಿಲ್ಲದ್ದು ಯಂತ್ರಕ್ಕೆ. ಆದ್ದರಿಂದ ವಿಷಯದ ಅಲರ್ಟಿನ ಜೊತೆ ಆ ಕ್ಷೇತ್ರದ ಮುಖ್ಯ ತೀರ್ಪುಗಳ ಹೆಸರಿಗೂ ಒಂದೊಂದು ಅಲರ್ಟ್ ಇರಲಿ, ಇಬ್ಬರು ಕಕ್ಷಿಗಾರರ ಹೆಸರನ್ನೂ ಉದ್ಧರಣ ಚಿಹ್ನೆಯೊಳಗೆ ಬಿಡಿಬಿಡಿಯಾಗಿ ಹಾಕಿ. ಎರಡನೆಯ ದಾರಿ ಇನ್ನೂ ಚೆನ್ನ. ನಿಮ್ಮ ವಿಷಯದಲ್ಲಿ ಬರೆಯುವವರೆಲ್ಲ ಉಲ್ಲೇಖಿಸಲೇಬೇಕಾದ ಒಂದೆರಡು ಲೇಖನ ಇರುತ್ತವಲ್ಲ, ಅವುಗಳನ್ನು ಉಲ್ಲೇಖಿಸಿದ ಲೇಖನಗಳ ಪಟ್ಟಿಯಾದ ‘ಸೈಟೆಡ್ ಬೈ’ ಪುಟ ತೆರೆದು ಅಲ್ಲಿಂದ ಅಲರ್ಟ್ ಹಾಕಿ. ಅಡಿಟಿಪ್ಪಣಿಗಳ ಕಾಟವೇ ಇಲ್ಲಿ ಉಪಕಾರಕ್ಕೆ ಬರುತ್ತದೆ. ಸ್ಕಾಲರ್ ಖಾತೆಯನ್ನು ಇಷ್ಟಕ್ಕೇ ಬಳಸಿ ಉಳಿದ ಅಲರ್ಟುಗಳನ್ನು ಅಳಿಸಿದರೂ ನಷ್ಟವಿಲ್ಲ. ಚಂದಾ ಗೋಡೆಯೊಳಗಿನ ಲಾ ಕ್ವಾರ್ಟರ್ಲಿ ಲೇಖನ ಇಲ್ಲೂ ತಾನಾಗಿ ಬರುವುದಿಲ್ಲ. ಬೇರೆ ಯಾರಾದರೂ ಅದನ್ನು ಉಲ್ಲೇಖಿಸಿದ ಮೇಲೆ, ಕೊಂಡಿಯಿಲ್ಲದ ಬರೀ ನಮೂದಾಗಿ ಕಾಣಬಹುದು.

ಸಂಶೋಧನಾ ಕರಡುಗಳ ಆನ್‌ಲೈನ್ ಭಂಡಾರವಾದ ಎಸ್‌ಎಸ್‌ಆರ್‌ಎನ್ 1994ರಲ್ಲಿ ಶುರುವಾಗಿ 2016ರಲ್ಲಿ ಎಲ್ಸವಿಯರ್ ಪ್ರಕಾಶನದ ಪಾಲಾಯಿತು. ಅದರ ಕಾನೂನು ವಿಭಾಗ ಲೀಗಲ್ ಸ್ಕಾಲರ್‌ಶಿಪ್ ನೆಟ್‌ವರ್ಕ್. ಪ್ರಕಟಣೆಗೆ ಮುಂಚಿನ ಕರಡು ಇಲ್ಲಿ ಸಿಗುತ್ತದೆ. ಅಮೆರಿಕದ ಲಾ ರಿವ್ಯೂಗಳಿಗೆ ಒಂದೇ ಲೇಖನವನ್ನು ಹಲವಕ್ಕೆ ಏಕಕಾಲಕ್ಕೆ ಕಳಿಸುವ ಪದ್ಧತಿ ಇದೆ, ಫೆಬ್ರವರಿ-ಮಾರ್ಚ್ ಮತ್ತು ಆಗಸ್ಟ್ ಅದರ ಸುಗ್ಗಿ. ಆ ಹೊತ್ತಿನಲ್ಲಿ ಇಲ್ಲಿ ಕರಡುಗಳ ಮಳೆ. ಹಾರ್ವರ್ಡ್‌ನಲ್ಲಿ ಮುಂದೆಂದೋ ಬರುವ ಲೇಖನವನ್ನು ತಿಂಗಳುಗಳ ಮೊದಲೇ ನೋಡಲು ಇದೇ ದಾರಿ. ಇಜರ್ನಲ್ ಎಂದು ಕರೆಯುವ, ಹೊಸ ಕರಡುಗಳ ವಿಷಯವಾರು ಪಟ್ಟಿಗಳ ಇಮೇಲಿಗೆ ಸಂಸ್ಥೆಯ ಚಂದಾ ಇದೆಯೇ ಎಂದು ಗ್ರಂಥಾಲಯದಲ್ಲಿ ಮೊದಲು ವಿಚಾರಿಸಿ. ದಿನಾಂಕಗಳ ಬಗ್ಗೆ ಜಾಗ್ರತೆ: ಬರೆದ ದಿನ, ಏರಿಸಿದ ದಿನ, ಕೊನೆಗೆ ತಿದ್ದಿದ ದಿನ ಎಂದು ಮೂರು ಇರುತ್ತವೆ. ಏರಿಸಿದ ದಿನ ಹಳೆಯದಾಗಿ ತಿದ್ದಿದ ದಿನ ಹೊಸದಾಗಿದ್ದರೆ, ಅದು ಈಗಾಗಲೇ ಪ್ರಕಟವಾದ ಲೇಖನವೂ ಇರಬಹುದು. ಶೀರ್ಷಿಕೆ ಪ್ರಕಟಣೆಯ ಹೊತ್ತಿಗೆ ಬದಲಾಗುವುದುಂಟು, ಹಾಗಾಗಿ ಪ್ರಕಟಿತ ರೂಪವನ್ನು ಲೇಖಕರ ಹೆಸರಿನಿಂದ ಹುಡುಕಿ.

ಎಸ್‌ಎಸ್‌ಆರ್‌ಎನ್ ಬೇಗ ಬಂದರೆ ಹೈನ್‌ಆನ್‌ಲೈನ್ ತಡವಾಗಿ ಬರುತ್ತದೆ, ಆದರೆ ಬಿಡುವುದು ಕಡಿಮೆ. 2000ದಲ್ಲಿ ಶುರುವಾದ ಈ ಡೇಟಾಬೇಸಿನ ಲಾ ಜರ್ನಲ್ ಲೈಬ್ರರಿ ಮುದ್ರಿತ ಪುಟದ ಚಿತ್ರವನ್ನೇ ಕೊಡುತ್ತದೆ, ಪುಟಸಂಖ್ಯೆಗೆ ಸಂದೇಹವೇ ಬೇಡ. ಸಂಸ್ಥೆಯ ಲಾಗಿನ್ನಿನ ಮೇಲೆ ಮೈಹೈನ್ ಎಂಬ ನಿಮ್ಮದೇ ಉಚಿತ ಖಾತೆ ತೆರೆದು, ಜರ್ನಲ್ಲಿನ ಪುಟದಲ್ಲಿ ಇಟಾಕ್, ಅಂದರೆ ವಿಷಯಸೂಚಿಯ ಅಲರ್ಟ್ ಆರಿಸಿದರೆ ಹೊಸ ಸಂಚಿಕೆ ಏರಿದಾಗ ಇಮೇಲ್ ಬರುತ್ತದೆ. ಮೈಹೈನ್ ಇಲ್ಲದೆ ಅಲರ್ಟ್ ಉಳಿಯುವುದಿಲ್ಲ. ಅಲ್ಲಿನ ‘ಹೊಸತು’ ಎಂದರೆ ಹೈನ್‌ಗೆ ಹೊಸತು, ಪ್ರಕಟವಾಗಿ ಎಷ್ಟು ದಿನವಾಯಿತೆಂದು ಅದರಿಂದ ತಿಳಿಯದು. ಕೆಲವು ವಾಣಿಜ್ಯ ಜರ್ನಲ್‌ಗಳ ಇತ್ತೀಚಿನ ವರ್ಷಗಳು ಒಪ್ಪಂದದ ಕಾರಣ ಇರುವುದಿಲ್ಲ. ಅಂಥ ಜರ್ನಲ್ಲಿಗೆ ಇಟಾಕ್ ಹಾಕಿ ಕಾಯುವುದು ವ್ಯರ್ಥ. ಹಾಕುವ ಮುಂಚೆ ಕೊನೆಯ ಸಂಪುಟದ ವರ್ಷ ನೋಡಿ. ವಿದ್ಯಾರ್ಥಿ ಸಂಪಾದಿತ ಜರ್ನಲ್‌ಗಳಿಗೆ ಇದು ಸತ್ತ ಫೀಡನ್ನು ಪತ್ತೆ ಹಚ್ಚುವ ಎರಡನೆಯ ಬಲೆ: ಹೈನ್‌ನಿಂದ ಇಮೇಲ್ ಬಂದ ಸಂಚಿಕೆ ನಿಮ್ಮ ರೀಡರಿನಲ್ಲಿ ಬಂದೇ ಇಲ್ಲವೆಂದರೆ ಫೀಡ್ ಕೆಟ್ಟಿದೆ.

ಹಾಗಾದರೆ ಲಾ ಕ್ವಾರ್ಟರ್ಲಿ? ವೆಸ್ಟ್‌ಲಾ ಯುಕೆಯ ಲೀಗಲ್ ಜರ್ನಲ್ಸ್ ಇಂಡೆಕ್ಸ್‌ಗೇ ಹೋಗಬೇಕು. ಬ್ರಿಟನ್ನಿನ ಜರ್ನಲ್‌ಗಳ ಲೇಖನಗಳಿಗೆ ಸಾರಾಂಶ, ವಿಷಯಪದ, ಚರ್ಚಿಸಿದ ತೀರ್ಪುಗಳ ಪಟ್ಟಿ ಎಲ್ಲ ಕೊಡುತ್ತದೆ, ಪೂರ್ಣಪಠ್ಯ ಅಲ್ಲಿಲ್ಲದ ಜರ್ನಲ್‌ಗಳಿಗೂ. ತೀರ್ಪಿನ ಹೆಸರಿನಿಂದ ಅಲರ್ಟ್ ಹಾಕಲು ಇದಕ್ಕೆ ಸಾಟಿಯಿಲ್ಲ, ಏಕೆಂದರೆ ಆ ಪಟ್ಟಿಯನ್ನು ಓದಿ ನಮೂದಿಸಿದವರು ಮನುಷ್ಯರು. ಕಾಮನ್ ಲಾ ವ್ಯಾಪ್ತಿಯ ಹೊರಗಿನ ದೇಶಗಳ ಜರ್ನಲ್ ಬೇಕಿದ್ದವರಿಗೆ 1960ರಿಂದ ನಡೆದುಬಂದ ಇಂಡೆಕ್ಸ್ ಟು ಫಾರಿನ್ ಲೀಗಲ್ ಪೀರಿಯಾಡಿಕಲ್ಸ್ ಹೈನ್‌ನಲ್ಲೇ ಇದೆ. ವೇಗ ಇಲ್ಲ, ವಿಸ್ತಾರ ಇದೆ.

ಸ್ವಲ್ಪ ಕೋಡ್ ಬರೆಯಬಲ್ಲವರಿಗೆ, ಡಿಒಐ ನೋಂದಾಯಿಸುವ ಸಂಸ್ಥೆಯಾದ ಕ್ರಾಸ್‌ರೆಫ್‌ನ ಉಚಿತ ಎಪಿಐ ಒಳ್ಳೆಯ ಸಾಧನ. ಜರ್ನಲ್ಲಿನ ಎಂಟು ಅಂಕಿಯ ಗುರುತುಸಂಖ್ಯೆಯಾದ ಐಎಸ್‌ಎಸ್‌ಎನ್ ಕೊಟ್ಟು, ‘ಕ್ರಿಯೇಟೆಡ್’ ದಿನಾಂಕದ ಇಳಿಕೆ ಕ್ರಮದಲ್ಲಿ 20 ನಮೂದು ಕೇಳಿದರೆ ಡಿಒಐ ನೋಂದಣಿಯಾದ ಕ್ರಮದಲ್ಲೇ ಲೇಖನಗಳು ಬರುತ್ತವೆ. ಪ್ರಕಟಣೆಯ ದಿನಾಂಕದಿಂದ ವಿಂಗಡಿಸಬೇಡಿ. ಸಂಚಿಕೆಯ ಮೇಲಿನ ತಿಂಗಳಿಗೂ ನಿಜವಾಗಿ ಹೊರಬಂದ ದಿನಕ್ಕೂ ತಾಳೆಯಾಗದಿರುವುದು ಲಾ ಜರ್ನಲ್‌ಗಳಲ್ಲಿ ಮಾಮೂಲು. ಕ್ರಿಯೇಟೆಡ್‌ನಲ್ಲೂ ಒಂದು ಹಳ್ಳ ಇದೆ. ಪ್ರಕಾಶಕರು ಹಳೆಯ ಸಂಪುಟಗಳಿಗೆ ಒಟ್ಟಿಗೆ ಡಿಒಐ ಮಾಡಿಸಿದ ದಿನ ಅವೆಲ್ಲ ಹೊಸ ನಮೂದುಗಳಾಗಿ ನುಗ್ಗುತ್ತವೆ. ಪ್ರಕಟಣೆಯ ವರ್ಷ ಕಳೆದ ವರ್ಷಕ್ಕಿಂತ ಹಿಂದಿನದಾಗಿರಬಾರದು ಎಂಬ ಸೋಸುಗವನ್ನು ಜೊತೆಗೆ ಹಾಕಿದರೆ ತೀರಿತು.

ಐಎಸ್‌ಎಸ್‌ಎನ್ ತಪ್ಪಾಗಿ ಟೈಪಾದರೆ ಫಲಿತಾಂಶ ಬರದು, ಅಥವಾ ಇನ್ನಾವುದೋ ಜರ್ನಲ್ ಬರುತ್ತದೆ. ಪರೀಕ್ಷಿಸುವುದು ಸುಲಭ. ಮಾಡರ್ನ್ ಲಾ ರಿವ್ಯೂನ ಆನ್‌ಲೈನ್ ಸಂಖ್ಯೆ 1468-2230. ಮೊದಲ ಏಳು ಅಂಕಿಗಳನ್ನು ಕ್ರಮವಾಗಿ 8, 7, 6, 5, 4, 3, 2ರಿಂದ ಗುಣಿಸಿ ಕೂಡಿ: 8, 28, 36, 40, 8, 6, 6, ಒಟ್ಟು 132. ಅದು 11ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ, ಆದ್ದರಿಂದ ಕೊನೆಯ ಅಂಕಿ 0. ಶೇಷ ಉಳಿದರೆ 11ರಿಂದ ಅದನ್ನು ಕಳೆದದ್ದು ಕೊನೆಯ ಅಂಕಿ. 10 ಬಂದರೆ ಎಕ್ಸ್ ಅಕ್ಷರ. ಹಾರ್ವರ್ಡ್‌ನದು 0017-811ಎಕ್ಸ್ ಆಗಿರುವುದು ಹೀಗೆ. ಅಡ್ಡಗೆರೆ ತೆಗೆದು ಸ್ಪ್ರೆಡ್‌ಶೀಟಿಗೆ ಹಾಕಿದರೆ ಮುಂದಿನ ಸೊನ್ನೆಗಳು ಮಾಯವಾಗುತ್ತವೆ: ಮಾಡರ್ನ್‌ನ ಮುದ್ರಿತ ಸಂಖ್ಯೆ 0026-7961 ಬರೀ 267961 ಆಗಿ ಉಳಿಯುತ್ತದೆ. ಆ ಕಾಲಮ್ಮನ್ನು ಪಠ್ಯ ಎಂದು ಗುರುತಿಸಿಯೇ ಅಂಟಿಸಿ.

ಆಗಷ್ಟೇ ಹುಟ್ಟಿದ ಜರ್ನಲ್‌ಗಳ ವಿಷಯದಲ್ಲಿ ಈ ಎಲ್ಲ ಸೇವೆಗಳೂ ಹಿಂದೆ. ಮುಕ್ತ ಪ್ರವೇಶದ ಜರ್ನಲ್‌ಗಳ ಪಟ್ಟಿಯಾದ ಡಿಒಎಜೆಗೆ ಸೇರಬೇಕೆಂದರೂ ಒಂದು ವರ್ಷಕ್ಕಿಂತ ಹೆಚ್ಚಿನ ಪ್ರಕಟಣೆಯ ಇತಿಹಾಸವೋ ಕನಿಷ್ಠ 10 ಮುಕ್ತ ಲೇಖನಗಳೋ ಇರಬೇಕು. ಅಲ್ಲಿಯವರೆಗೆ ಜರ್ನಲ್ಲಿನ ಸ್ವಂತ ಸೈಟು ಮತ್ತು ಅದರ ಫೀಡೇ ಗತಿ. ಒಜೆಎಸ್ ಸೈಟಾದರೆ ‘ಪ್ರಕಟಣೆಗಳು’ ವಿಭಾಗಕ್ಕೂ ಬೇರೆ ಫೀಡ್ ಇರಬಹುದು, ಮೊದಲ ಸಂಚಿಕೆಯ ಸುದ್ದಿ ಸಾಮಾನ್ಯವಾಗಿ ಅಲ್ಲೇ ಬೀಳುವುದು.

ಖರ್ಚಿನ ಲೆಕ್ಕದಲ್ಲಿ ಹೇಳುವುದಾದರೆ ಸಂಸ್ಥೆಯ ಚಂದಾ ಇಲ್ಲದವರಿಗೆ ಫೀಡ್ ರೀಡರ್, ಸ್ಕಾಲರ್‌ನ ಸೈಟೆಡ್ ಬೈ ಅಲರ್ಟ್, ಎಸ್‌ಎಸ್‌ಆರ್‌ಎನ್‌ನಲ್ಲಿ ವಾರಕ್ಕೊಮ್ಮೆ ಹುಡುಕಾಟ, ಇಷ್ಟರಲ್ಲಿ ಕೆಲಸ ನಡೆಯುತ್ತದೆ. ಚಂದಾ ಇದ್ದವರು ಹೈನ್ ಮತ್ತು ವೆಸ್ಟ್‌ಲಾ ಅಲರ್ಟುಗಳನ್ನು ಇದರ ಮೇಲೆ ಹೊದಿಸಬಹುದು. ಶುರುವಿಗೆ 15 ಜರ್ನಲ್ ಸಾಕು. 60 ಹಾಕಿಕೊಂಡವರ ರೀಡರಿನಲ್ಲಿ ತಿಂಗಳೊಳಗೆ ಸಾವಿರ ಓದದ ನಮೂದು ನಿಂತಿರುತ್ತವೆ, ಆಮೇಲೆ ‘ಎಲ್ಲವೂ ಓದಿಯಾಯಿತು’ ಗುಂಡಿಯೇ ಗತಿ.

ಸಿಕ್ಕ ಲೇಖನವನ್ನು ಜೊಟೆರೊಗೆ ಹಾಕಿಕೊಂಡ ಮೇಲೂ ಒಂದು ಕೆಲಸ ಬಾಕಿ ಇರುತ್ತದೆ. ಮುಂಗಡ ಲೇಖನದ ನಮೂದಿನಲ್ಲಿ ಸಂಪುಟವೂ ಇಲ್ಲ, ಪುಟವೂ ಇಲ್ಲ, ಎಷ್ಟೋ ಸಲ ವರ್ಷವೂ ಮುಂದೆ ಬದಲಾಗುತ್ತದೆ: ಡಿಸೆಂಬರ್‌ನಲ್ಲಿ ಆನ್‌ಲೈನಿಗೆ ಬಂದದ್ದು ಮುಂದಿನ ವರ್ಷದ ಸಂಪುಟಕ್ಕೆ ಸೇರುತ್ತದೆ. ಅಂಥವಕ್ಕೆ ‘ಮುಂಗಡ’ ಎಂಬ ಟ್ಯಾಗ್ ಹಾಕಿಡಿ. ಸಂಚಿಕೆಯ ಫೀಡಿನಲ್ಲಿ ಅದೇ ಲೇಖನ ಎರಡನೆಯ ಸಲ ಬಂದಾಗ ಮತ್ತೆ ಎಳೆದುಕೊಂಡು, ‘ಡೂಪ್ಲಿಕೇಟ್ ಐಟಮ್ಸ್’ ಪಟ್ಟಿಗೆ ಹೋಗಿ ಹೊಸ ನಮೂದನ್ನು ಮೂಲವಾಗಿಟ್ಟುಕೊಂಡು ಎರಡನ್ನೂ ಬೆಸೆಯಿರಿ. ನಿಮ್ಮ ಟಿಪ್ಪಣಿಗಳು ಉಳಿಯುತ್ತವೆ, ಪುಟಸಂಖ್ಯೆ ಸೇರಿಕೊಳ್ಳುತ್ತದೆ, ಟ್ಯಾಗನ್ನು ಮಾತ್ರ ಕೈಯಾರೆ ತೆಗೆಯಬೇಕು.